ತೂತುಗೋಡೆಯೂ ಮಾವುತನ ಮಗಳೂ

ಹತ್ರ ಬನ್ನಿ ಮಕ್ಕಳೇ, ಇನ್ನೂ ಹತ್ರ. ಕೈಲಿರೋ ಫೋನು ಕೆಳಗಿಡಿ. ಯಾವ ಕಾಲೇಜಲ್ಲಿ ಸೀಟು ಸಿಗುತ್ತೆ ಅಂತ ಅದರಲ್ಲಿ ಕೇಳ್ತೀರಲ್ಲ, ಮುಖ ಮೂತಿ ಗೊತ್ತಿಲ್ಲದೋರು ಉತ್ತರ ಕೊಡ್ತಾರಲ್ಲ, ಆ ಚಾಳಿ ಇವತ್ತಿನದಲ್ಲ. ಫೋನು ಹುಟ್ಟೋಕೆ ಮುಂಚೆಯೂ ಇತ್ತು. ಹೇಗೆ ಅಂತೀರಾ? ಕೇಳಿ.

ಹೊಂಗೆಪಟ್ಟಣ ಅಂತ ಒಂದು ರಾಜ್ಯ. ಅದಕ್ಕೆ ದುಂಡುಮಲ್ಲ ಅಂತ ಒಬ್ಬ ರಾಜ. ಊರ ಪಕ್ಕದ ಗುಡ್ಡದ ಮೇಲೆ ಒಂದು ದೊಡ್ಡಶಾಲೆ. ವೈದ್ಯರಾಗಬೇಕು ಅಂದ್ರೂ ಅಲ್ಲೇ ಕಲೀಬೇಕು, ನ್ಯಾಯ ಹೇಳಬೇಕು ಅಂದ್ರೂ ಅಲ್ಲೇ ಕಲೀಬೇಕು, ಕೋಟೆ ಕಟ್ಟಬೇಕು ಅಂದ್ರೂ ಅಲ್ಲೇ ಕಲೀಬೇಕು. ವರ್ಷಕ್ಕೊಂದು ಸಲ ಪರೀಕ್ಷೆ. ಬರೋರು ಬುಟ್ಟಿ ತುಂಬ, ತಗೊಳ್ಳೋದು ಬೊಗಸೆ ತುಂಬ.

ಗುಡ್ಡದ ಬುಡದಲ್ಲಿ ಒಂದು ಗೋಡೆ. ರಾಜನ ಮುತ್ತಜ್ಜಿ ಕಟ್ಟಿಸಿದ್ದು. ಗೋಡೆ ತುಂಬ ಓರೆಯಾಗಿ ಕೊರೆದ ತೂತುಗಳು. ದನಿ ಆಚೆಗೆ ಹೋಗುತ್ತೆ, ನೋಟ ಹೋಗಲ್ಲ. ಎದುರಿಗೆ ಕೇಳೋಕೆ ನಾಚಿಕೊಳ್ಳೋ ಮಕ್ಕಳು ಈಚೆ ನಿಂತು ಕೇಳಲಿ, ತಿಳಿದೋರು ಆಚೆ ಕೂತು ಹೇಳಲಿ ಅಂತ ಆ ಮಹಾತಾಯಿಯ ಆಸೆ. ಜನ ಅದನ್ನ ತೂತುಗೋಡೆ ಅಂತಿದ್ರು.

ಮೊದಮೊದಲು ಶಾಲೆಯಲ್ಲಿ ಓದಿದೋರೇ ಬಂದು ಆಚೆ ಕೂರ್ತಿದ್ರು. ಆಮೇಲೆ ಅವರಿಗೆ ಕೆಲಸ ಬಂತು, ಸಂಸಾರ ಬಂತು. ಆ ಜಾಗ ಖಾಲಿ ಬೀಳಲಿಲ್ಲ. ಕೆಲಸ ಇಲ್ಲದೋರು ಬಂದು ಕೂತ್ರು.

ಅವರಲ್ಲಿ ಮುಖ್ಯವಾದೋರು ಇಬ್ಬರು. ಒಬ್ಬ ಉಬ್ಬಣ್ಣ. ಅನುಕೂಲಸ್ಥರ ಮನೆಯ ಮನೆಅಳಿಯ. ಬೆಳಗ್ಗೆ ಮಡಿಲು ತುಂಬ ಕಡ್ಲೆಪುರಿ ಹಾಕ್ಕೊಂಡು ಬಂದ್ರೆ ಏಳೋದು ಊಟದ ಹೊತ್ತಿಗೆ. ಮನೇಲಿ ಅವನ ದನಿ ಅತ್ತೆ ಮುಂದೆ ಇಲಿಮರಿ. ಗೋಡೆ ಹಿಂದೆ ಮಾತ್ರ ಗುಡುಗು! ಇನ್ನೊಬ್ಬ ಮಿಠಾಯಿ ಸಿಂಗಾರಯ್ಯ. ಅವನ ಅಂಗಡಿ ಗೋಡೆಯ ಪಕ್ಕದಲ್ಲೇ, ಕೂರೋದು ಮಾತ್ರ ಗೋಡೆ ಹಿಂದೆ. ಸಿಹಿ ಸುದ್ದಿ ಕೇಳಿದೋರು ಸಿಹಿ ಕೊಳ್ತಾರೆ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಯಾರು ಏನೇ ಕೇಳಲಿ, ಉಬ್ಬಣ್ಣ, "ಆಗಲ್ಲ, ಹೋಗು!" ಅಂತಿದ್ದ. ಸಿಂಗಾರಯ್ಯ, "ಆಗೇ ಆಗುತ್ತೆ, ಕಂದಾ!" ಅಂತಿದ್ದ.

ಜನರ ಬುದ್ಧಿ ನೋಡಿ ಮಕ್ಕಳೇ. ಸಿಹಿಯಾಗಿ ಹೇಳಿದೋನನ್ನ ಯಾರೂ ನಂಬಲಿಲ್ಲ. ಗದರಿದೋನೇ ಬಲ್ಲೋನು ಅಂದ್ಕೊಂಡ್ರು.

ಆ ಊರಲ್ಲಿ ಕೆಂಪಿ ಅಂತ ಒಬ್ಬಳು ಹುಡುಗಿ. ಅರಮನೆ ಮಾವುತನ ಮಗಳು. ಭೋಗಿ ಅನ್ನೋ ಆನೆಯ ಜೊತೆಗೇ ಬೆಳೆದೋಳು. ಆನೆ ಕಾಲಲ್ಲಿ ಮುಳ್ಳು ಮುರಿದರೆ ತೆಗೀತಿದ್ಲು, ಕೀವು ತುಂಬಿದರೆ ತೊಳೀತಿದ್ಲು, ಸೊಪ್ಪು ಅರೆದು ಕಟ್ತಿದ್ಲು. ದೊಡ್ಡಶಾಲೆ ಸೇರಬೇಕು, ಮೂಕಪ್ರಾಣಿಗಳ ವೈದ್ಯೆ ಆಗಬೇಕು ಅಂತ ಅವಳಿಗೆ ಆಸೆ. ಆದರೆ ಸಂಕೋಚ. ಆದ್ದರಿಂದ ಗೋಡೆ ಹತ್ರ ಹೋದಳು.

"ನಾನು ಮಾವುತನ ಮಗಳು. ಓದೋದು ನಿಧಾನ. ಆನೆ ಗಾಯ ವಾಸಿ ಮಾಡ್ತೀನಿ. ನನ್ನನ್ನ ಸೇರಿಸ್ಕೊಳ್ತಾರಾ?"

ಕಡ್ಲೆಪುರಿ ಅಗಿಯೋ ಸದ್ದು ನಿಂತಿತು. "ಶ್ಲೋಕ ಎಷ್ಟು ಬರುತ್ತೆ?"

"ಒಂದೂ ಬರಲ್ಲ."

"ನೂರು ಶ್ಲೋಕ ಬರೋರೇ ಬಾಗಿಲಾಚೆ ನಿಂತವ್ರೆ. ಆಗಲ್ಲ, ಹೋಗು!"

ಕೆಂಪಿ ಮನೆಗೆ ಬಂದಳು. ಆನೆಗೆ ಸ್ನಾನ ಮಾಡಿಸ್ತಾ ಶ್ಲೋಕ ಹೇಳಿಕೊಂಡಳು, ಹುಲ್ಲು ಹಾಕ್ತಾ ಹೇಳಿಕೊಂಡಳು. ನೂರು ಶ್ಲೋಕ ಬಾಯಿಗೆ ಬಂತು. ಮತ್ತೆ ಹೋದಳು.

"ಶ್ಲೋಕ ಬರುತ್ತೆ. ಈಗ ಸೇರಿಸ್ಕೊಳ್ತಾರಾ?"

"ಬರೀ ಶ್ಲೋಕ ಯಾರಿಗೆ ಬೇಕು? ಅಕ್ಷರ ಮುತ್ತು ಪೋಣಿಸಿದಂಗೆ ಇರಬೇಕು. ನಿಂದು ಹೆಂಗಿದೆ?"

"ಕೋಳಿ ಕೆದಕಿದಂಗೆ."

"ಆಗಲ್ಲ, ಹೋಗು!"

ಕೆಂಪಿ ಮರಳಲ್ಲಿ ಬರೆದಳು, ಬೂದಿಯಲ್ಲಿ ಬರೆದಳು, ಕೊನೆಗೆ ಭೋಗಿಯ ಬೆನ್ನ ಮೇಲೂ ಸೀಮೆಸುಣ್ಣದಲ್ಲಿ ಬರೆದಳು. ಅಕ್ಷರ ದುಂಡಗಾಯ್ತು. ಮತ್ತೆ ಹೋದಳು.

"ಶ್ಲೋಕವೂ ಬರುತ್ತೆ, ಅಕ್ಷರವೂ ದುಂಡಗಿದೆ. ಈಗ?"

ಗೋಡೆ ಹಿಂದೆ ನಗು. "ಶ್ಲೋಕ, ಅಕ್ಷರ ಯಾರಿಗಿಲ್ಲ? ಊರಿಗೆಲ್ಲ ಇದೆ. ನಿಂದೇ ಅಂತ ಏನಿದೆ? ಆನೆ ಮಾವುತನ ಮಗಳು ಲದ್ದಿ ಬಾಚಬೇಕು. ಪರೀಕ್ಷೆಗೆ ಹೋಗಿ ನಿಮ್ಮಪ್ಪನ ಮಾನ ಕಳೀಬೇಡ. ಹೋಗು!"

ಪಕ್ಕದಿಂದ ಸಿಂಗಾರಯ್ಯ, "ಹಾಗನ್ನಬೇಡಪ್ಪ. ನಿನಗೆ ಸಿಕ್ಕೇ ಸಿಗುತ್ತೆ ಕಂದಾ! ಬಿಸಿ ಜಿಲೇಬಿ ಇದೆ, ಬಾ," ಅಂದ.

ಕೆಂಪಿ ಜಿಲೇಬಿ ಕೊಳ್ಳಲಿಲ್ಲ. ಮನೆಗೆ ಬಂದು ಭೋಗಿಯ ಕಾಲಿಗೆ ಒರಗಿ ಕೂತಳು. ಆನೆ ಸೊಂಡಿಲಿಂದ ಅವಳ ತಲೆ ಸವರಿತು. ಆಗ ಅವಳಿಗೆ ಅಳು ತಡೆಯೋಕಾಗಲಿಲ್ಲ.

ಅವಳ ಅಜ್ಜಿ ಸಣ್ಣತಾಯಮ್ಮ ಎಲೆ ಅಡಿಕೆ ಕುಟ್ಟೋದು ಬಿಟ್ಟು ಎದ್ದು ಬಂದಳು. "ಅದ್ಯಾಕೆ ಮಗಾ ಅಳ್ತೀಯ?"

ಕೆಂಪಿ ಎಲ್ಲ ಹೇಳಿದಳು. "ನಾನು ಪರೀಕ್ಷೆಗೆ ಹೋಗಲ್ಲ ಅಜ್ಜಿ."

"ಅಲ್ಲ ಕಣೇ, ಅಂದೋನು ಯಾರು?"

"ಗೊತ್ತಿಲ್ಲ."

"ಅವನು ಆ ಶಾಲೆಯಲ್ಲಿ ಓದವ್ನಾ?"

"ಗೊತ್ತಿಲ್ಲ."

"ನೀನು ಆನೆ ಗಾಯ ತೊಳೆಯೋದನ್ನ ಅವನು ನೋಡವ್ನಾ?"

"ಇಲ್ಲ."

"ಹಂಗಾದ್ರೆ ಅವನ ಮಾತಿಗೂ ಒನಕೆ ಸದ್ದಿಗೂ ಏನೇ ವ್ಯತ್ಯಾಸ? ಒನಕೆಯಿಂದ ರಾಗಿಯಾದ್ರೂ ನುಣ್ಣಗಾಗುತ್ತೆ," ಅಂದವಳೇ ಅಜ್ಜಿ ಸೆರಗು ಸಿಕ್ಕಿಸಿ ನೆಟ್ಟಗೆ ಗುಡ್ಡ ಹತ್ತಿದಳು. ದೊಡ್ಡಶಾಲೆಯ ಹಿರಿಯ ವೈದ್ಯೆ ತಿಮ್ಮಾಜಮ್ಮನ ಮುಂದೆ ನಿಂತಳು.

ಅಲ್ಲಿ ನೋಡಿದರೆ ರಾಜ ದುಂಡುಮಲ್ಲನೂ ತಲೆ ಮೇಲೆ ಕೈಹೊತ್ತು ಕೂತಿದ್ದಾನೆ. "ಏನು ತಿಮ್ಮಾಜಮ್ಮ, ನಾಳೆ ಪರೀಕ್ಷೆ. ಈ ವರ್ಷ ಹೆಸರು ಕೊಟ್ಟೋರು ಒಂದು ಬೆಂಚು ತುಂಬಲ್ಲ! ನನ್ನ ರಾಜ್ಯದ ಮಕ್ಕಳಿಗೆ ಓದೋ ಆಸೆಯೇ ಹೋಯಿತಾ?"

"ಆಸೆ ಹೋಗಿಲ್ಲ ಮಾಸ್ವಾಮಿ," ಅಂದಳು ಅಜ್ಜಿ. "ಗುಡ್ಡದ ಬುಡದಲ್ಲೇ ಯಾರೋ ಅದರ ಕತ್ತು ಹಿಸುಕ್ತಾವ್ರೆ." ಅಂತ ಮೊಮ್ಮಗಳ ಕತೆಯೆಲ್ಲ ಹೇಳಿ, "ತಾಯಿ, ನೀವು ಇಲ್ಲಿಗೆ ಸೇರೋವಾಗ ಹೆಂಗಿದ್ರಿ?" ಅಂತ ಕೇಳಿದಳು.

ತಿಮ್ಮಾಜಮ್ಮ ನಕ್ಕರು. "ನಾನಾ? ಮಾತಾಡಿದರೆ ತೊದಲು, ರಕ್ತ ನೋಡಿದರೆ ತಲೆಸುತ್ತು. ಮೊದಲ ಸಲ ಬೇಡ ಅಂದ್ರು. ಮರುವರ್ಷ ಬಂದೆ."

ಅಜ್ಜಿ ರಾಜನ ಕಡೆ ತಿರುಗಿದಳು. ರಾಜ ಮೀಸೆ ತಿರುವಿದ, ಕೆಮ್ಮಿದ. "ನಾನೂ ಇಲ್ಲೇ ನ್ಯಾಯ ಕಲಿತೋನು. ಮಗ್ಗಿ ಹದಿಮೂರರ ಮೇಲೆ ಬರ್ತಿರಲಿಲ್ಲ. ಈಗಲೂ ಬರಲ್ಲ. ಯಾರಿಗೂ ಹೇಳಬೇಡ."

"ಹಂಗಾದ್ರೆ ಬನ್ನಿ," ಅಂದಳು ಅಜ್ಜಿ. "ಇದನ್ನೇ ಆ ಗೋಡೆಗೆ ಹೇಳೋಣ."

ಅಜ್ಜಿ ಕೆಂಪಿಯನ್ನೂ ಕರೆಸಿದಳು. ಕೆಂಪಿ ಬರೋವಾಗ ಭೋಗಿಯನ್ನೂ ಹಿಡಿದುಕೊಂಡು ಬಂದಳು. ರಾಜ ಕಂಬಳಿ ಹೊದ್ದ, ತಿಮ್ಮಾಜಮ್ಮ ಸೆರಗು ಮುಸುಕಿಟ್ಟರು. ದಾರೀಲಿ ಜನ ಕುತೂಹಲಕ್ಕೆ ಹಿಂದೆ ಬಿದ್ದರು. ಎಲ್ಲರೂ ಗೋಡೆ ಮುಂದೆ ಸದ್ದಿಲ್ಲದೆ ನಿಂತರು.

ಮೊದಲು ತಿಮ್ಮಾಜಮ್ಮ ಕೇಳಿದರು. "ನಂಗೆ ಮಾ... ಮಾತು ತೊದಲುತ್ತೆ. ರಕ್ತ ನೋಡಿದರೆ ತಲೆ ಸುತ್ತುತ್ತೆ. ಒಂದು ಸಲ ಬೇಡ ಅಂದಿದ್ದಾರೆ. ವೈದ್ಯೆ ಆಗ್ತೀನಾ?"

"ನೀನು ವೈದ್ಯೆಯಾದರೆ ಸುಡುಗಾಡಲ್ಲಿ ಜಾಗ ಸಾಲಲ್ಲ! ಆಗಲ್ಲ, ಹೋಗು!"

"ಆಗೇ ಆಗ್ತೀಯ, ಕಂದಾ! ಲಾಡು ಬೇಕಾ?"

ಆಮೇಲೆ ರಾಜ ಕೇಳಿದ. "ನನಗೆ ಮಗ್ಗಿ ಬರಲ್ಲ. ಪಾಠ ಶುರುವಾದರೆ ನಿದ್ದೆ. ಜಗಳ ಬಿಡಿಸೋದು ಮಾತ್ರ ಬರುತ್ತೆ. ನನ್ನನ್ನ ಸೇರಿಸ್ಕೊಳ್ತಾರಾ?"

"ನಿನ್ನಂಥ ನಿದ್ದೆಬುರುಕನನ್ನ ಅಂಗಳ ಗುಡಿಸೋಕೂ ಸೇರಿಸಲ್ಲ. ಕುರಿ ಕಾಯಿ. ಕುರಿ ಒಪ್ಪಿದರೆ! ಹೋಗು!"

ಕಂಬಳಿಯೊಳಗೆ ರಾಜನ ಕಿವಿ ಕೆಂಪಾಯ್ತು. ಅಜ್ಜಿ ಕೈಸನ್ನೆ ಮಾಡಿ ತಡೆದಳು.

ಮೂರನೆಯದಾಗಿ ಕೆಂಪಿ ಮುಂದೆ ಬಂದಳು. "ಇವನು ನಮ್ಮ ಮನೆಯೋನು. ಹೆಸರು ಭೋಗಿ. ತನ್ನ ವಿಷಯ ತಾನೇ ಹೇಳ್ಕೊಳ್ತಾನೆ." ಅಂದವಳೇ ಆನೆಯ ಕಿವಿ ಹಿಂದೆ ಮೆತ್ತಗೆ ಕೆರೆದಳು. ಭೋಗಿ ಖುಷಿಯಾಗಿ ಗಂಟಲಲ್ಲೇ "ಗುರ್ರ್ರ್..." ಅಂದಿತು.

ಉಬ್ಬಣ್ಣ ಒಂದು ಗಳಿಗೆಯೂ ಯೋಚಿಸಲಿಲ್ಲ. "ಉಚ್ಚಾರಣೆ ಸರಿಯಿಲ್ಲ! ದನಿ ಕೇಳಿದರೆ ಗೊತ್ತಾಗುತ್ತೆ, ಅನ್ನ ಕಾಣದ ನರಪೇತಲ. ಎದ್ದು ನಿಲ್ಲೋಕೆ ಶಕ್ತಿ ಇಲ್ಲ, ದೊಡ್ಡಶಾಲೆ ಬೇಕಾ? ಆಗಲ್ಲ!"

"ಆಗೇ ಆಗುತ್ತೆ, ಕಂದಾ!" ಅಂದ ಸಿಂಗಾರಯ್ಯ. "ನಿನ್ನ ನಾಲಿಗೆ ಮೇಲೆ ಸರಸ್ವತಿ ಕೂತವ್ಳೆ!"

ಜನ ನಕ್ಕ ನಗುವಿಗೆ ಗುಡ್ಡವೇ ಮಾರ್ದನಿ ಕೊಟ್ಟಿತು. ಅಷ್ಟರಲ್ಲಿ ಭೋಗಿಗೆ ಕಡ್ಲೆಪುರಿ ವಾಸನೆ ಹತ್ತಿತು. ಸೊಂಡಿಲು ಗೋಡೆ ಮೇಲೇರಿತು, ಆಚೆ ಇಳಿಯಿತು, ಮಡಿಲು ತಡಕಿತು. ಕಡ್ಲೆಪುರಿ ಜೊತೆಗೆ ಉಬ್ಬಣ್ಣನೂ ಮೇಲೆ ಬಂದ! ಗಾಳಿಯಲ್ಲಿ ಕಾಲು ಬಡೀತಾ, ಇಲಿಮರಿ ದನಿಯಲ್ಲಿ, "ಅಯ್ಯಯ್ಯೋ, ಇಳಿಸ್ರಪ್ಪೋ!" ಅಂದ. ಸಿಂಗಾರಯ್ಯ ಜಿಲೇಬಿ ತಟ್ಟೆ ಅಲ್ಲೇ ಬಿಟ್ಟು ಓಡಿದ.

ಭೋಗಿ ಉಬ್ಬಣ್ಣನನ್ನ ಈಚೆಗೆ ಇಳಿಸಿ, ಚೆಲ್ಲಿದ ಪುರಿ ಆರಿಸಿ ತಿನ್ನತೊಡಗಿತು. ರಾಜ ಕಂಬಳಿ ತೆಗೆದ. ಉಬ್ಬಣ್ಣ ತಟ್ಟನೆ ಕೈ ಮುಗಿದ.

"ದೊಡ್ಡಶಾಲೆಯಲ್ಲಿ ನೀನು ಎಷ್ಟು ವರ್ಷ ಓದಿದೆಯಪ್ಪ?"

"ಓದಿಲ್ಲ, ಮಾಸ್ವಾಮಿ."

"ಪರೀಕ್ಷೆಗೆ ಕೂತಿದ್ದೆಯಾ?"

"ಇಲ್ಲ, ಮಾಸ್ವಾಮಿ."

"ಬಾಗಿಲಾದರೂ ತಟ್ಟಿದ್ದೆಯಾ?"

ಉಬ್ಬಣ್ಣ ತಲೆ ತಗ್ಗಿಸಿದ. "ತಟ್ಟಬೇಕು ಅಂತಲೇ ಊರಿಂದ ಬಂದಿದ್ದೆ, ಮಾಸ್ವಾಮಿ. ಆಗ ನಂಗೆ ಮೀಸೆ ಚಿಗುರಿರಲಿಲ್ಲ. ಇದೇ ಗೋಡೆಯ ಹತ್ರ ಕೇಳಿದೆ. ಆಚೆಯಿಂದ ಯಾರೋ, 'ಆಗಲ್ಲ, ಹೋಗು' ಅಂದ್ರು. ಅದ್ಯಾರು ಅಂತ ಇವತ್ತಿಗೂ ಗೊತ್ತಿಲ್ಲ."



ರಾಜ ಗೋಡೆ ಕಡೆ ಕೈ ತೋರಿದ. "ಕೆಡವಿಬಿಡಿ ಇದನ್ನ!"

"ಬೇಡ, ಮಾಸ್ವಾಮಿ," ಅಂದಳು ಕೆಂಪಿ. "ಗೋಡೆ ಏನು ಮಾಡ್ತು? ಎದುರಿಗೆ ಕೇಳೋಕೆ ನಾಚಿಕೆ ಅಂತಲೇ ನಾನು ಇಲ್ಲಿಗೆ ಬಂದಿದ್ದು. ನನ್ನಂಥೋರು ಇನ್ನೂ ಇರ್ತಾರೆ. ಹೇಳೋರು ಮೊದಲು ತಾವು ಎಷ್ಟು ಬಲ್ಲೆವು ಅಂತ ಹೇಳಿ, ಆಮೇಲೆ ಬುದ್ಧಿ ಹೇಳಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ. ಅಷ್ಟು ಸಾಕು."

ರಾಜ ಒಪ್ಪಿದ. ಉಬ್ಬಣ್ಣನಿಗೆ ಶಿಕ್ಷೆಯನ್ನೂ ಹೇಳಿದ. "ನಾಳೆ ನೀನೂ ಪರೀಕ್ಷೆಗೆ ಕೂರಬೇಕು. ಹೆದರಿಸಿ ಕಳಿಸಿದ ಮಕ್ಕಳ ಮನೆಮನೆಗೆ ಇವತ್ತೇ ಹೋಗಿ, 'ನಾನೂ ಕೂರ್ತಿದ್ದೀನಿ, ನೀವೂ ಬನ್ನಿ' ಅಂತ ಕರೀಬೇಕು." ಉಬ್ಬಣ್ಣ ಆನೆಯನ್ನ ನೋಡಿದ, ರಾಜನನ್ನ ನೋಡಿದ, ಬೇಗಬೇಗ ತಲೆಯಾಡಿಸಿದ.

ಮಾರನೇ ದಿನ ಬೆಂಚು ಸಾಲದೆ ಮಕ್ಕಳು ನೆಲದ ಮೇಲೂ ಕೂತರು. ತಿಮ್ಮಾಜಮ್ಮ, "ನಿಮ್ಮಜ್ಜಿಯ ಪರಿಚಯ ಆಗಿಬಿಟ್ಟಿದೆ ಕಣೇ, ನಿನ್ನ ಪರೀಕ್ಷೆ ನಾನು ಮಾಡಬಾರದು," ಅಂತ ಕೆಂಪಿಯನ್ನ ಬೇರೆ ಗುರುಗಳ ಹತ್ರ ಕಳಿಸಿದರು. ಕೆಂಪಿ ನೂರು ಶ್ಲೋಕ ನೆನೆಸ್ಕೊಂಡು ಹೋದಳು. ಗುರುಗಳು ಒಂದು ಶ್ಲೋಕವನ್ನೂ ಕೇಳಲಿಲ್ಲ.

"ನೋವಿರೋ ಪ್ರಾಣಿ ನಿನ್ನನ್ನ ಹತ್ರ ಬಿಟ್ಟುಕೊಳ್ಳಲ್ಲ. ಏನು ಮಾಡ್ತೀಯ?"

"ಔಷಧಿ ದೂರ ಇಟ್ಟು ಬರಿಗೈಲಿ ಹೋಗ್ತೀನಿ," ಅಂದಳು ಕೆಂಪಿ. "ಸುಮ್ನೆ ಪಕ್ಕದಲ್ಲಿ ಕೂರ್ತೀನಿ. ಅದಾಗೇ ನನ್ನ ಮೂಸೋವರೆಗೂ ಮುಟ್ಟಲ್ಲ."

ಗುರುಗಳು ಮತ್ತೇನೂ ಕೇಳಲಿಲ್ಲ. ಸಂಜೆ ಹೆಸರು ಕೂಗಿದಾಗ ಕೆಂಪಿಯ ಹೆಸರಿತ್ತು. ಅಜ್ಜಿ ಹಾಕಿದ ಶಿಳ್ಳೆಗೆ ಗುಡ್ಡದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಉಬ್ಬಣ್ಣನ ಹೆಸರಿರಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಕೆಂಪಿ ಹತ್ರ ಹೋದಳು. "ಬೇಜಾರಾಯ್ತಾ, ಮಾವ?"

"ಇಲ್ಲ ಕಣವ್ವ. ಇಷ್ಟೇನಾ ಅಂತ ಯೋಚಿಸ್ತಿದ್ದೆ," ಅಂದ ಉಬ್ಬಣ್ಣ. "ಇವರೂ ನಂಗೆ ಆಗಲ್ಲ ಅಂದ್ರು. ಆದರೆ ಕೂರಿಸಿ, ಮಜ್ಜಿಗೆ ಕೊಟ್ಟು, ಎಲ್ಲಿ ತಪ್ಪಿದೆ ಅಂತ ತೋರಿಸಿ, ಮುಂದಿನ ಸಲ ಬಾ ಅಂದ್ರು. ಇಷ್ಟಕ್ಕೆ ನಾನು ಅರ್ಧ ಆಯಸ್ಸು ಹೆದರ್ಕೊಂಡು ಕೂತಿದ್ನಲ್ಲ!"

ತಿಳೀತಾ ಮಕ್ಕಳೇ? ಗದರಿದ ಮಾತ್ರಕ್ಕೆ ಬಲ್ಲೋನಲ್ಲ, ಹೊಗಳಿದ ಮಾತ್ರಕ್ಕೆ ಹಿತೈಷಿಯಲ್ಲ. ನಿಮ್ಮನ್ನ ನೋಡದೋರ ಬಾಯಲ್ಲಿ ನಿಮ್ಮ ಭವಿಷ್ಯ ಇರಲ್ಲ. ಕೇಳೋದಾದ್ರೆ ಬಲ್ಲೋರನ್ನ ಕೇಳಿ, ಹೇಳೋದಾದ್ರೆ ಬಲ್ಲಷ್ಟೇ ಹೇಳಿ, ಅದನ್ನೂ ಮಜ್ಜಿಗೆ ಕೊಟ್ಟಂಗೆ ಹೇಳಿ. ಆಗುತ್ತೋ ಇಲ್ಲವೋ ಅನ್ನೋದನ್ನ ಬಾಗಿಲು ಹೇಳಲಿ. ನೀವು ಹೋಗಿ ತಟ್ಟಿ.