ಕಲ್ಲುಗಳು ನಿಂತ ಜಾಗ

“ಜನರನ್ನು ಎಷ್ಟು ಸಲ ಕೇಳಬೇಕು ಬುದ್ಧಿ?”

ಮಠದ ಜಗಲಿಯ ಮೇಲೆ ಕೂರುವ ಮೊದಲೇ ರುದ್ರಮುನಿ ಕೇಳಿದ. ಅವನು ರಸ್ತೆ ಇಲಾಖೆಯ ಇಂಜಿನಿಯರು. ಹೆದ್ದಾರಿ ಊರೊಳಗೆ ನುಗ್ಗದೆ ಹೊರಗಿನಿಂದ ಹಾಯ್ದು ಹೋಗಲೆಂದು ಬೈಪಾಸಿನ ನಕ್ಷೆ ಮಾಡುವುದು ಅವನ ಪಾಲಿಗೆ ಬಂದ ಕೆಲಸ. ಅಂದು ಮೂರನೆಯ ಜನಸಭೆ ಮುಗಿಸಿ ನೆಟ್ಟಗೆ ಗುರುಗಳ ಹತ್ತಿರ ಬಂದಿದ್ದ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು.

“ಮೊದಲನೇ ಸಭೆಯಲ್ಲಿ ಕುರ್ಚಿ ಎಸೆದರು. ಎರಡನೇದರಲ್ಲಿ ಮೈಕು ಕಿತ್ತುಕೊಂಡರು. ಇವತ್ತು ನನ್ನ ಅಂಗಿಗೇ ಕೈ ಹಾಕಿದರು. ಎಲ್ಲರಿಗೂ ಬೈಪಾಸ್ ಬೇಕು, ಯಾರ ಜಮೀನಿನಲ್ಲೂ ಬೇಡ. ಸಾಕಾಗಿಹೋಗಿದೆ ಬುದ್ಧಿ. ಕೆರೆಯ ಹಿಂದುಗಡೆ ಮಾತ್ರ ಒಂದೇ ಒಂದು ತಕರಾರು ಬಂದಿಲ್ಲ. ಗೆರೆಯನ್ನ ಅಲ್ಲಿಗೇ ಎಳೆದು ನಾಳೆ ಸಹಿ ಹಾಕಿ ಕಳಿಸಿಬಿಡ್ತೀನಿ.”

ಗುರುಗಳು ಅವನಿಗೆ ನೀರು ಕೊಡಿಸಿದರು. ಅವನು ಕುಡಿದು ಮುಗಿಸಿದ ಮೇಲೆ ಈ ಕತೆ ಹೇಳಿದರು.

ಒಂದು ಪೇಟೆ ಇತ್ತು. ಅದರ ನಡುವೆ ಇದ್ದದ್ದು ಒಂದೇ ಬೀದಿ. ಆ ಸೀಮೆಯ ಹತ್ತಿ ಬಂಡಿಗಳೆಲ್ಲ ಆ ಬೀದಿಯಲ್ಲೇ ಹಾಯಬೇಕು. ಎದುರುಬದುರಾಗಿ ಎರಡು ಬಂಡಿ ಬಂದರೆ ಮುಗಿಯಿತು, ಅರ್ಧ ದಿನ ಯಾರೂ ಅಲುಗುವಂತಿಲ್ಲ. ಒಮ್ಮೆ ಹಾಗೆ ಎರಡು ಬಂಡಿಗಳ ನಡುವೆ ಸಿಕ್ಕಿ ಒಬ್ಬ ಹಮಾಲಿ ಸತ್ತ. ಆಗ ಅರಮನೆಯಿಂದ ಅಪ್ಪಣೆಯಾಯಿತು. ಪೇಟೆಯ ಹೊರಗೆ ಸುತ್ತಿ ಹೋಗುವ ಬಂಡಿದಾರಿ ಆಗಬೇಕು, ಊರವರನ್ನು ಕೇಳಿಯೇ ಆಗಬೇಕು.

ಆ ಕೆಲಸಕ್ಕೆ ಒಬ್ಬ ಅಳತೆಗಾರ ಬಂದ. ಕೆಟ್ಟವನಲ್ಲ. ಕೆಲಸ ಬಲ್ಲವನು, ಒಬ್ಬರಿಂದ ಒಂದು ಎಲೆ ಅಡಿಕೆಯನ್ನೂ ಮುಟ್ಟದವನು. ಅವನಿಗಿದ್ದ ಕೊರತೆ ಒಂದೇ, ಬೇಗ ಬೇಸರವಾಗುತ್ತಿತ್ತು.

ಅವನು ಊರವರನ್ನು ಅರಳಿಕಟ್ಟೆಗೆ ಕರೆದು ಕೇಳಿದ. ದಾರಿ ಆಗಲೇಬೇಕೆಂದು ಎಲ್ಲರೂ ಒಂದೇ ಬಾಯಿಯಲ್ಲಿ ಹೇಳಿದರು. ಎಲ್ಲಿ ಎಂದು ಕೇಳಿದ ಕೂಡಲೇ ಬಾಯಿಗಳು ಬೇರೆಬೇರೆಯಾದವು. ದಾರಿ ತನ್ನ ಹೊಲ ಒಂದನ್ನು ಬಿಟ್ಟು ಎಲ್ಲಿ ಬೇಕಾದರೂ ಹೋಗಲಿ ಎಂದ ಗೌಡ. ದಾರಿ ತನ್ನ ಮಳಿಗೆಯ ಬಾಗಿಲವರೆಗೆ ಬರಬೇಕು, ಅಂಗಳಕ್ಕೆ ಕಾಲಿಡಕೂಡದು ಎಂದ ವ್ಯಾಪಾರಿ. ಬಂಡಿ ಸದ್ದಿಗೆ ತನ್ನ ಎತ್ತು ಬೆದರುತ್ತದೆ ಎಂದ ಗಾಣದವನು. ದೇವರು ಒಪ್ಪುವುದಿಲ್ಲ ಎಂದ ಪೂಜಾರಿ. ಯಾವ ದೇವರು ಎಂದು ಅಳತೆಗಾರ ಕೇಳಿದ್ದಕ್ಕೆ, ವಿಚಾರಿಸಿ ಹೇಳುತ್ತೇನೆ ಎಂದ.

ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಅಳತೆಗಾರ ಸರಪಳಿ ಹಿಡಿದು, ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟವಾಗುವ ಹಾಗೆ ಗೆರೆ ಹಾಕಿ, ಸುಣ್ಣ ಬಳಿದ ನಲವತ್ತು ಕಲ್ಲು ನೆಡಿಸಿದ. ಊರಿನಲ್ಲೆಲ್ಲ ತಮಟೆ ಹೊಡೆಸಿದ. ಇವು ಅರಮನೆಯ ಕಲ್ಲುಗಳು, ಯಾರೂ ಮುಟ್ಟಕೂಡದು ಎಂದು ಸಾರಿಸಿದ.

ಮರುದಿನ ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಆರು ಕಲ್ಲುಗಳು ಜಾಗ ಬಿಟ್ಟಿದ್ದವು. ಉಳುವಾಗ ನೇಗಿಲಿಗೆ ಸಿಕ್ಕಿರಬೇಕು ಎಂದು ಗೌಡ ಸಮಾಧಾನ ಹೇಳಿದ. ಆ ಹೊಲಕ್ಕೆ ಆ ವರ್ಷ ನೇಗಿಲೇ ಇಳಿದಿರಲಿಲ್ಲ. ಅಳತೆಗಾರ ಕಲ್ಲುಗಳನ್ನು ತಂದು ಮತ್ತೆ ನೆಟ್ಟ. ಅವು ಮತ್ತೆ ಹೊರಟವು. ವ್ಯಾಪಾರಿಯ ಅಂಗಳದ ಕಲ್ಲು ಗಾಣದವನ ಹಿತ್ತಲಿಗೆ ಹೋಯಿತು. ಗಾಣದವನ ಕಲ್ಲು ಪೂಜಾರಿಯ ಬಾಳೆಗಿಡಗಳ ನಡುವೆ ಕಾಣಿಸಿತು. ಪೂಜಾರಿಯದು ಸುತ್ತಿ ಸುತ್ತಿ ವ್ಯಾಪಾರಿಯ ಅಂಗಳಕ್ಕೇ ಬಂದು ಕೂತಿತು. ಹತ್ತು ದಿನ ಅಳತೆಗಾರ ಕಲ್ಲು ಹೊತ್ತ. ಹೆಗಲು ಬಾತುಕೊಂಡಿತು. ಅವನ ಆಳುಗಳೇ ಮುಖ ತಿರುಗಿಸಿ ನಗತೊಡಗಿದರು.

ಹನ್ನೊಂದನೆಯ ದಿನ ಅವನು ಕೈಚೆಲ್ಲಿ ಒಂದು ಕಲ್ಲಿನ ಮೇಲೇ ಕೂತುಬಿಟ್ಟ. ಈ ಜನರಿಗೆ ದಾರಿಯೂ ಬೇಡ, ನನ್ನ ತಲೆಯೂ ಉಳಿಯುವುದು ಬೇಡ ಎಂದು ಬೈದುಕೊಂಡ. ಬೈದು ಬೈದು ಸುಸ್ತಾದ ಮೇಲೆ ಅವನಿಗೆ ಒಂದು ಯೋಚನೆ ಹೊಳೆಯಿತು. ನಾನೇಕೆ ಹೊರಬೇಕು? ಒಂದು ತಿಂಗಳು ಬಿಟ್ಟುಬಿಡುತ್ತೇನೆ. ಇವರಿವರೇ ತಳ್ಳಾಡಲಿ. ಕೊನೆಗೆ ಕಲ್ಲುಗಳು ಎಲ್ಲಿ ನಿಲ್ಲುತ್ತವೋ ಅದೇ ಊರು ಒಪ್ಪಿದ ದಾರಿ. ಜನರನ್ನು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ?

ಅಂದು ಅವನಿಗೆ ಊಟ ಸೇರಿತು. ಮರುದಿನ ಬೇರೆ ಸೀಮೆಯ ಕೆಲಸಕ್ಕೆ ಹೊರಟುಹೋದ.

ತಿಂಗಳು ಕಳೆದು ಬಂದಾಗ ಕಲ್ಲುಗಳೆಲ್ಲ ಹಳ್ಳದ ದಂಡೆಗೆ ಇಳಿದು ಸಾಲಾಗಿ ನಿಂತಿದ್ದವು. ಅವನು ನಂಬದೆ ಮೂರು ದಿನ ಕಾದು ನೋಡಿದ. ಒಂದೂ ಅಲುಗಲಿಲ್ಲ. ಹಳ್ಳದ ದಂಡೆಯಲ್ಲಿ ಯಾರ ಹೊಲವೂ ಇರಲಿಲ್ಲ, ಒಬ್ಬ ಹೆಂಗಸಿನ ಸೊಪ್ಪಿನ ತೋಟ ಬಿಟ್ಟರೆ.

ಅವಳದು ಅಲ್ಲಿ ನಾಲ್ಕು ಮಡಿ ದಂಟು, ನಾಲ್ಕು ಮಡಿ ಮೆಂತ್ಯ, ಒಂದು ಬಾವಿ. ಬಾವಿಯನ್ನು ಅವಳೂ ಅವಳ ಗಂಡನೂ ಎರಡು ಬೇಸಿಗೆ ಕೂತು ತೋಡಿದ್ದರು. ಗಂಡ ತೀರಿಕೊಂಡ ಮೇಲೆ ಅವಳೂ ಅವಳ ಇಬ್ಬರು ಹೆಣ್ಣುಮಕ್ಕಳೂ ಬದುಕುತ್ತಿದ್ದದ್ದು ಆ ನೀರಿನಿಂದಲೇ. ಒಂದು ಬೆಳಿಗ್ಗೆ ಮಡಿಗಳ ನಡುವೆ ಸುಣ್ಣದ ಕಲ್ಲುಗಳನ್ನು ಕಂಡು ಅವಳು ಪಕ್ಕದ ಗಾಣದವನನ್ನು ಕೇಳಿದ್ದಳು. ಅರಮನೆಯ ಕಲ್ಲು ಕಣಮ್ಮ, ಮುಟ್ಟೀಯೆ ಜೋಕೆ ಎಂದಿದ್ದ ಅವನು. ಅವುಗಳಲ್ಲಿ ಎರಡನ್ನು ಹೊತ್ತು ತಂದು ಹಾಕಿದವನು ಅವನೇ. ಅವಳು ಕಲ್ಲಿನ ಬುಡದ ಕಳೆ ಕಿತ್ತು, ಅದಕ್ಕೆ ತಾಗದ ಹಾಗೆ ನೀರಿನ ಕಾಲುವೆ ತಿರುಗಿಸಿಕೊಂಡಳು.

ಅಳತೆಗಾರ ಆ ಚೊಕ್ಕಟವಾದ ಕಲ್ಲುಗಳನ್ನು ನೋಡಿದ. ಇವಳಿಗೆ ದಾರಿ ಬಂದರೆ ಸಂತೋಷ, ಸೊಪ್ಪು ಮಾರಲು ಅನುಕೂಲವಾಗುತ್ತದೆ ಎಂದು ತಾನೇ ತೀರ್ಮಾನಿಸಿದ. ತೋಟ ಅವನ ಮುಂದೆಯೇ ಇತ್ತು, ಗುಡಿಸಲ ಬಾಗಿಲು ತೆರೆದೇ ಇತ್ತು. ಆದರೆ ಮತ್ತೊಬ್ಬರನ್ನು ಕೇಳುವುದೆಂದರೆ ಅವನಿಗೆ ಆಗ ಮೈ ಉರಿಯುತ್ತಿತ್ತು.

ಮತ್ತೆ ಅರಳಿಕಟ್ಟೆಯಲ್ಲಿ ಸಭೆ ಕರೆದ. ಈ ಸಲ ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಸಭೆ ಮುಗಿಯಿತು. ಗೌಡ ಒಪ್ಪಿದ, ವ್ಯಾಪಾರಿ ಒಪ್ಪಿದ, ದೇವರೂ ಒಪ್ಪಿದ್ದಾನೆಂದು ಪೂಜಾರಿ ತಿಳಿಸಿದ. ಇಂಥ ಅಧಿಕಾರಿಯನ್ನು ನಾವು ಕಂಡೇ ಇಲ್ಲ ಎಂದು ಎಲ್ಲರೂ ಹೊಗಳಿದರು. ಅಂದು ಪಕ್ಕದ ಊರಿನ ಸಂತೆ. ಸೊಪ್ಪಿನವಳು ಮಕ್ಕಳನ್ನು ಕಟ್ಟಿಕೊಂಡು ಸಂತೆಗೆ ಹೋಗಿದ್ದಳು. ಅವಳು ಸಭೆಯಲ್ಲಿ ಇಲ್ಲವೆಂದು ಯಾರೂ ಹೇಳಲಿಲ್ಲ.

ಮುಂದಿನ ಸಂತೆಯ ದಿನವೇ ಕೆಲಸ ಶುರುವಾಯಿತು. ಆಳುಗಳು ಬೆಳಿಗ್ಗೆ ಮಡಿಗಳನ್ನು ಮಟ್ಟ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬಾವಿ ಮುಚ್ಚಿ ಮೇಲಿನ ಮಣ್ಣು ತುಳಿದರು. ಬಹಳ ದಿನಗಳ ಮೇಲೆ ಕೆಲಸ ಎಲ್ಲೂ ನಿಲ್ಲದೆ ನಡೆಯಿತೆಂದು ಅಳತೆಗಾರನಿಗೆ ಹಿತವಾಗಿತ್ತು.

ಆಗ ಅವಳು ಖಾಲಿ ಬುಟ್ಟಿ ಹೊತ್ತು ಬಂದಳು. ಬಂದು ನಿಂತಳು. ಬುಟ್ಟಿ ಇಳಿಸಿ, ಬಾವಿ ಇದ್ದ ಜಾಗವನ್ನು ನೋಡಿದಳು. ಅವಳ ಮುಖ ನೋಡಿದ ಮೇಲೆ ಅಳತೆಗಾರನಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ತಿಳಿದದ್ದಕ್ಕೆ ಅವನಿಗೆ ಸಿಟ್ಟೂ ಬಂತು.

“ಇಷ್ಟು ದಿನ ಕಲ್ಲು ನಿಮ್ಮ ಕಣ್ಣ ಮುಂದೇ ಇತ್ತಲ್ಲಮ್ಮ,” ಎಂದ. “ಊರವರೆಲ್ಲ ತಮ್ಮ ತಮ್ಮ ಕಲ್ಲು ಎತ್ತಿ ಆಚೆಗೆ ಹಾಕಿದರು. ನೀವು ಯಾಕೆ ಹಾಕಲಿಲ್ಲ?”

“ಮುಟ್ಟಬಾರ್ದು ಅಂತ ತಮಟೆ ಹೊಡೆಸಿದ್ದು ನೀವೇ ಅಲ್ವಾ ಸ್ವಾಮಿ,” ಎಂದಳು ಅವಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ರುದ್ರಮುನಿಗೆ ತಡೆಯಲಾಗಲಿಲ್ಲ.

“ಕಲ್ಲು ಮುಟ್ಟಬೇಡ ಅಂದರೆ ಬಾಯಿ ಬಿಡಬೇಡ ಅಂತ ಅರ್ಥವೇ ಬುದ್ಧಿ? ಇದು ನನ್ನ ತೋಟ, ಇಲ್ಲಿ ಬೇಡ ಅಂತ ಅವಳೇ ಬಂದು ಒಂದು ಮಾತು ಹೇಳಬಹುದಿತ್ತಲ್ಲ?”

“ಅಳತೆಗಾರನೂ ಅವಳಿಗೆ ಇದನ್ನೇ ಹೇಳಿದನಪ್ಪ, ಬಾವಿ ಮುಚ್ಚಿದ ಮಣ್ಣಿನ ಮೇಲೆ ನಿಂತುಕೊಂಡು,” ಎಂದರು ಗುರುಗಳು.

ರುದ್ರಮುನಿ ಎದ್ದು ಚಪ್ಪಲಿ ಮೆಟ್ಟಿ, ಕೆರೆಯ ಹಿಂದುಗಡೆಯ ದಾರಿ ಹಿಡಿದ.