ಏನು ಕೇಳುತ್ತದೆ?

ಕಪಿಲಾ ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ವೈದ್ಯೆ ಕಾತ್ಯಾಯಿನಿಯವರು ಸ್ಕಿಜೋಫ್ರೇನಿಯಾ ಇರುವವರನ್ನು ನೋಡಿಕೊಳ್ಳುತ್ತಿದ್ದರು, ಸಂಶೋಧನೆಯನ್ನೂ ಕಲಿಸುತ್ತಿದ್ದರು.

ಮಾದೇಶ ಅವರ ಶಿಷ್ಯ. ಬೇರೆ ಯಾರಿಗೂ ಕೇಳದ ದನಿ ಕೆಲವರಿಗೆ ಕೇಳುತ್ತದಲ್ಲ, ಆಗ ಮಿದುಳಿನ ಯಾವ ಭಾಗಗಳ ನಡುವೆ ನಂಟು ತಪ್ಪುತ್ತದೆ ಎಂದು ಐದು ವರ್ಷದಿಂದ ಹುಡುಕುತ್ತಿದ್ದ. ಬುದ್ಧಿವಂತ. ಅದು ಅವನಿಗೂ ಗೊತ್ತಿದ್ದದ್ದೇ ಸ್ವಲ್ಪ ತೊಂದರೆ.

ಪಿಎಚ್.ಡಿ. ಪ್ರಬಂಧ ಮುಗಿಯಿತು. ಒಪ್ಪಿಸಲು ಹತ್ತು ದಿನ ಉಳಿದಿತ್ತು.

"ಸಹಿ ಹಾಕಿ ಮೇಡಂ," ಎಂದು ಮುಂದಿಟ್ಟ.

ಗುರು ಓದುತ್ತಾ ಹೋಗಿ ಒಂದು ಪುಟದಲ್ಲಿ ನಿಂತರು.

"ನಲವತ್ತು ಜನರಲ್ಲಿ ಹದಿಮೂರು ಜನರನ್ನು ಕೈಬಿಟ್ಟಿದ್ದೀಯ."

"ಸ್ಕ್ಯಾನ್ ಮಾಡುವಾಗ ತಲೆ ಅಲ್ಲಾಡಿಸಿದರು ಮೇಡಂ. ಅಲ್ಲಾಡಿಸಿದರೆ ಚಿತ್ರ ಕೆಡುತ್ತದೆ, ಇಲ್ಲದ ನಂಟು ಇದ್ದ ಹಾಗೆ ಕಾಣುತ್ತದೆ. ಎಲ್ಲರೂ ಕೈಬಿಡುತ್ತಾರೆ."

"ಸರಿ. ಯಾಕೆ ಅಲ್ಲಾಡಿಸಿದರು?"

"ಅವರಿಗೆ ಸುಮ್ಮನೆ ಮಲಗಲು ಆಗುವುದಿಲ್ಲ."

"ಅವರು ಹೇಳಿದರಾ, ನೀನು ಹೇಳುತ್ತಿದ್ದೀಯಾ?"

ಗುರು ಪೆನ್ನಿನ ಮುಚ್ಚಳ ಹಾಕಿದರು.

ಮಾದೇಶನಿಗೆ ಮೈಯೆಲ್ಲ ಉರಿಯಿತು. ಆದರೂ ಕೇಳಿಕೊಂಡು ಬರಲು ಹಿತ್ತಲಿಗೆ ಹೋದ. ಆ ಹದಿಮೂರು ಜನರಲ್ಲಿ ಒಬ್ಬರಾದ ಪುಟ್ಟಸಿದ್ದಮ್ಮ ಅಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವನು ಎಂದಿನಂತೆ ತನ್ನ ಪ್ರಶ್ನಾವಳಿ ತೆಗೆದು ಮೊದಲ ಸಾಲು ಓದಿದ.

"ಯಾರೂ ಇಲ್ಲದಾಗ ದನಿ ಕೇಳುತ್ತದೆಯೇ?"

"ಕೇಳ್ತದೆ ಕಣಪ್ಪ. ಹೋದ್ಸಲನೂ ಹೇಳಿದ್ನಲ್ಲ."

ಅವನು ವಾಪಸ್ ಬಂದ. "ಅದೇ ಉತ್ತರ ಮೇಡಂ. ಕೇಳುತ್ತದಂತೆ."

"ಏನು ಕೇಳುತ್ತದಂತೆ?"

"ದನಿ."

"ದನಿ ಅಂತ ನನಗೂ ಗೊತ್ತು. ಅದು ಏನು ಕೇಳುತ್ತದೆ?"

ಮಾದೇಶ ಬಾಗಿಲಲ್ಲೇ ನಿಂತ. ಐದು ವರ್ಷ ಆ ಸಾಲನ್ನು ನೂರಾರು ಸಲ ಓದಿದ್ದ, ಕನ್ನಡದಲ್ಲೇ ಓದಿದ್ದ. ನಾಚಿಕೆಯಾಯಿತು.

ಮತ್ತೆ ಹಿತ್ತಲಿಗೆ ಹೋದ. ಈ ಸಲ ಕಾಗದ ಒಯ್ಯಲಿಲ್ಲ, ಅವರ ಪಕ್ಕ ಕೂತ.

"ಏನು ಕೇಳ್ತದೆ ಅವ್ವ?"

ಪುಟ್ಟಸಿದ್ದಮ್ಮ ಕೈಯ ಕೆಲಸ ನಿಲ್ಲಿಸಿದರು.

"ಉಂಡ್ಯಾ ಅಂತ ಕೇಳ್ತದೆ. ಬಾಗ್ಲು ಹಾಕ್ದ್ಯಾ ಅಂತ ಕೇಳ್ತದೆ. ಒಂದೊಂದ್ಸಲ ಕೆಟ್ಟ ಮಾತೂ ಆಡ್ತದೆ. ಆ ಮಿಸಿನ್ ಒಳಗೆ ಮಲಗಿಸಿದ್ರಲ್ಲ, ಆವಾಗಲೂ ಕೇಳ್ತು. ಬಾಯಿ ಬಿಡ್ಬೇಡಿ ಅಂತ ನೀನು ಅಂದಿದ್ದೆ. ಅದಕ್ಕೆ ತಲೆ ಆಡಿಸ್ದೆ."

ಮಾದೇಶ ಉಳಿದ ಹನ್ನೆರಡು ಜನರನ್ನೂ ಹುಡುಕಿಕೊಂಡು ಹೊರಟ. ಕೆಲವರು ಊರಿಗೆ ಮರಳಿದ್ದರು. ಬಸ್ಸು ಹತ್ತಿದ, ನಡೆದ, ಒಬ್ಬರ ಮನೆಯ ಜಗಲಿಯಲ್ಲಿ ಅರ್ಧ ದಿನ ಕಾದ. ಆರು ದಿನ ಹಿಡಿಯಿತು. ಇಬ್ಬರು ಬೆನ್ನುನೋವು ಎಂದರು. ಒಬ್ಬರು ಮಾತೇ ಆಡಲಿಲ್ಲ. ಉಳಿದವರೆಲ್ಲ ದನಿಗೆ ಉತ್ತರ ಕೊಟ್ಟಿದ್ದರು.

ಗುರುವಿನ ಮುಂದೆ ಬಂದು ಕೂತ.

"ನಾನು ಯಾವುದನ್ನು ಹುಡುಕುತ್ತಿದ್ದೆನೋ ಅದನ್ನೇ ಎತ್ತಿ ಹೊರಗೆ ಹಾಕಿದ್ದೇನೆ ಮೇಡಂ. ಉಳಿಸಿಕೊಂಡದ್ದು ದನಿ ಸುಮ್ಮನಿದ್ದವರ ಚಿತ್ರ."

ಗುರು ಪ್ರಬಂಧ ತೆಗೆದು ಸಹಿ ಹಾಕಿ ಅವನ ಕಡೆ ತಳ್ಳಿದರು.

"ಯಾರನ್ನು ಬಿಟ್ಟೆ ಅಂತ ಬರೆದಿದ್ದೀಯ, ಇದರಲ್ಲಿ ಸುಳ್ಳಿಲ್ಲ. ಇನ್ನೂ ನಾಲ್ಕು ದಿನ ಇದೆ. ಕೊಟ್ಟುಬಿಡು, ಪದವಿ ಬರುತ್ತದೆ."

ಅವನು ಆ ಸಹಿಯನ್ನು ಬಹಳ ಹೊತ್ತು ನೋಡಿದ. ಆಸೆಯಾಗಲಿಲ್ಲ ಎಂದರೆ ತಪ್ಪಾಗುತ್ತದೆ.

ಆಮೇಲೆ ಪ್ರಬಂಧವನ್ನು ಮೆಲ್ಲಗೆ ವಾಪಸ್ ತಳ್ಳಿದ.

"ಇನ್ನೊಂದು ವರ್ಷ ಅವಧಿ ಕೇಳುತ್ತೇನೆ ಮೇಡಂ. ಅವರ ಕೈಗೆ ಒಂದು ಗುಂಡಿ ಕೊಡುತ್ತೇನೆ. ದನಿ ಮಾತಾಡಿದಾಗ ತಲೆ ಆಡಿಸುವ ಬದಲು ಬೆರಳಲ್ಲಿ ಒತ್ತಲಿ. ತಲೆ ಅಲ್ಲಾಡುವುದಿಲ್ಲ, ದನಿ ಬಂದ ಹೊತ್ತೂ ತಿಳಿಯುತ್ತದೆ. ಮೊದಲಿಂದ ಶುರು ಮಾಡುತ್ತೇನೆ. ನೀವು ಒಪ್ಪುತ್ತೀರಾ?"

"ನಾನು ಒಪ್ಪಿದರೆ ಏನು ಬಂತು? ಮತ್ತೆ ಅದರೊಳಗೆ ಮಲಗಬೇಕಾದವರು ಪುಟ್ಟಸಿದ್ದಮ್ಮ. ಅವರು ಬೇಡ ಅಂತ ತಲೆ ಆಡಿಸಿದರೆ, ಆ ಉತ್ತರವನ್ನೂ ಕೈಬಿಡಬೇಡ."