ಕೂರಿಸಿದವರು ಕೂರಬೇಕು

ಹೊಸ ಎಂಜಿನ್ನನ್ನು ಶೀನ ಖಾರ್ವಿ ತನ್ನ ದೋಣಿಯ ಹಿಂಬದಿಯ ಹಲಗೆಗೆ ತಾನೇ ಕೂರಿಸಿಬಿಟ್ಟಿದ್ದ. ಸುದ್ದಿ ಕೇಳಿದ ಡೀಲರ್ ಸಾಹುಕಾರರು ಮೆಕ್ಯಾನಿಕ್‌ನನ್ನು ಕರೆದುಕೊಂಡು ಕಡಲ ದಂಡೆಗೇ ಬಂದರು.

“ಯಾರನ್ನು ಕೇಳಿ ಕೂರಿಸಿದೆ? ನಮ್ಮವರು ಕೂರಿಸದಿದ್ದರೆ ಗ್ಯಾರಂಟಿ ಕಾರ್ಡಿಗೆ ಸೀಲು ಬೀಳೂದಿಲ್ಲ!”

ಹೋದ ವರ್ಷ ಶೀನನ ಅಣ್ಣನ ದೋಣಿಗೆ ಎಂಜಿನ್ ಕೂರಿಸಿದ್ದು ಇವರ ಕಡೆಯವರೇ. ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ಅಲೆ ಎದ್ದಾಗ ಬೋಲ್ಟು ಸಡಿಲಾಗಿ ಎಂಜಿನ್ ಕಳಚಿ ಬಿತ್ತು. ದೋಣಿ ಮಗುಚಿತು. ಅಣ್ಣ ದಡಕ್ಕೆ ಬರಲಿಲ್ಲ. “ತಪ್ಪು ಅಲೆಯದ್ದು” ಅಂದಿದ್ದರು ಸಾಹುಕಾರರು.

ಶೀನ ಜಗಳಕ್ಕೆ ನಿಲ್ಲಲಿಲ್ಲ. “ಆಯ್ತು ಧಣಿ, ನೀವೇ ಕೂರಿಸಿ” ಅಂದ. ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಒಂದು ಬೀಡಿ ಸೇದಿ ಮುಗಿಯುವಷ್ಟರಲ್ಲಿ ಮತ್ತೆ ಕೂರಿಸಿದ.

ಶೀನ ದೋಣಿಯನ್ನು ನೀರಿಗೆ ತಳ್ಳಿ ಕೈ ಮುಗಿದ. “ಬನ್ನಿ, ಇಬ್ಬರೂ ಹತ್ತಿ. ಕೂರಿಸಿದವರು ಮೊದಲು ಕೂರಬೇಕು. ಅಳಿವೆವರೆಗೆ ಹೋಗಿ ಬರುವ.”

ಮೆಕ್ಯಾನಿಕ್ ಮರಳಲ್ಲಿ ಚಪ್ಪಲಿ ಹುಡುಕತೊಡಗಿದ. ಅದು ಅವನ ಕಾಲಲ್ಲೇ ಇತ್ತು. ಸಾಹುಕಾರರು ಅಳಿವೆಯ ಬಿಳಿ ನೊರೆ ನೋಡಿದರು, ಬೋಲ್ಟು ನೋಡಿದರು, ಮತ್ತೆ ನೊರೆ ನೋಡಿದರು.

“ನೀನೇ ಬಿಚ್ಚಿ ಕೂರಿಸಿಕೋ ಮಾರಾಯ. ಸೀಲು ಹಾಕಿ ಕೊಡ್ತೇನೆ.”

ತೊಡೆಯ ಮೇಲೆ ಕಾರ್ಡಿಟ್ಟು ಒತ್ತಿದರು. ಸೀಲು ಸೊಟ್ಟಗೆ ಬಿತ್ತು. “ನನಗೆ ಈಜು ಬರೂದಿಲ್ಲ, ಅದಕ್ಕೇ...” ಅಂದರು.

ಶೀನ ಕಾರ್ಡನ್ನು ಮಡಚಿ ಜೇಬಿಗಿಟ್ಟ. ಬೋಲ್ಟು ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡ.

“ಅಣ್ಣನಿಗೆ ಬರ್ತಿತ್ತು, ಧಣಿ.”